ಸ್ಟಾನಾ ಅಜ್ಜಿಯ ನಡಿಗೆ

ಸ್ಪಾಸ್ ಬೀದಿಯಂಚಿನ ನೀರಿನ ದೋಣಿಕಲ್ಲು ದಾಟಿದ. ಹಿಂದೆ ಸದ್ದಾಯಿತು.

ಟೊಕ್... ಸರ್ರ್...

ನಿಂತ. ಸದ್ದೂ ನಿಂತಿತು. ಕೊಳವೆಯಿಂದ ಕಲ್ಲಿಗೆ ಬೀಳುವ ನೀರು ಮಾತ್ರ ಜುಳುಜುಳು ಅನ್ನುತ್ತಿತ್ತು. ತಿರುಗಿ ನೋಡಿದ. ಅಕ್ರೋಟು ಮರದ ಕೆಳಗೆ ಕತ್ತಲು. ರಸ್ತೆ ಖಾಲಿ.

ಮತ್ತೆ ನಡೆದ.

ಟೊಕ್... ಸರ್ರ್... ಟೊಕ್... ಸರ್ರ್...

ಮೊದಲು ಕೋಲು ಊರಿದ ಸದ್ದು. ಆಮೇಲೆ ಎಳೆದು ಇಟ್ಟ ಕಾಲಿನ ಸದ್ದು. ಕೋಲಿನ ತುದಿಯ ರಬ್ಬರು ಸವೆದು ಮೊಳೆ ಹೊರಗೆ ಬಂದಿದ್ದರೆ ಕಲ್ಲುಹಾಸಿನ ಮೇಲೆ ಹೇಗೆ ಕೇಳುತ್ತದೋ ಹಾಗೆ.

ಯಾರ ಕೋಲು ಅಂತ ಸ್ಪಾಸ್‌ಗೆ ಗೊತ್ತಿತ್ತು. ಅದೇ ತೊಂದರೆ. ಆ ಸಂಜೆಯೆಲ್ಲ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಕೂತು ಅದೇ ಸದ್ದನ್ನು ಕೇಳಿದ್ದ.

ಸ್ಪಾಸ್ ನನ್ನ ಚಿಕ್ಕಪ್ಪನ ಮಗ. ನಮ್ಮೂರ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಡಿಯೋ ಗೇಮ್ ಕಲಿಸುತ್ತಾನೆ. ಆಡುವುದನ್ನಲ್ಲ, ಮಾಡುವುದನ್ನು. ನಾನು ರೈಲಿನ ಬ್ರೇಕು ನೋಡಿಕೊಂಡು ಬದುಕಿದವನು, ಆ ವಿದ್ಯೆ ನನಗೆ ತಿಳಿಯದು. ಅವನು ಹೇಳಿದ್ದನ್ನು ಹೇಳುತ್ತೇನೆ. ನಾನು ಕಂಡದ್ದನ್ನು ಹೇಳುತ್ತೇನೆ. ಸೇರಿಸುವುದಿಲ್ಲ.

ಆ ವರ್ಷ ಮಕ್ಕಳು ನಮ್ಮೂರನ್ನೇ ಗೇಮಿನೊಳಗೆ ಕಟ್ಟಿದ್ದರು. ಬೀದಿ, ದೋಣಿಕಲ್ಲು, ಮರ, ಸೇತುವೆ ಎಲ್ಲ. ಒಬ್ಬ ಹುಡುಗ ಕಳೆದುಹೋದ ಆಡನ್ನು ಹುಡುಕಿಕೊಂಡು ರಾತ್ರಿ ಊರು ಸುತ್ತುತ್ತಾನೆ. ಅವನ ಹಿಂದೆ ಕೋಲೂರಿಕೊಂಡು ಒಬ್ಬ ಮುದುಕಿ ಬರುತ್ತಾಳೆ. ಅಷ್ಟೇ ಆಟ.

ಮುದುಕಿಯ ನಡಿಗೆಯ ಸದ್ದು ಬೇಕಿತ್ತು. ರಾಂಗೆಲ್ ಅನ್ನುವ ಹುಡುಗ ತನ್ನ ಅಜ್ಜಿಯ ಮನೆಗೆ ಎಲ್ಲರನ್ನೂ ಕರೆದುಕೊಂಡು ಹೋದ. ಅವನನ್ನು ಸಾಕಿದವಳು ಅವಳೇ. ಸ್ಟಾನಾ ಅಜ್ಜಿ. ಮಕ್ಕಳು ಗಾಳಿಯ ಸದ್ದು ಸೇರದಂತೆ ಮೈಕಿಗೆ ಕಾಲುಚೀಲ ತೊಡಿಸಿ ಪೊರಕೆ ಕೋಲಿಗೆ ಕಟ್ಟಿದರು.

"ಅಜ್ಜಿ, ಅಂಗಳದಲ್ಲಿ ಸುಮ್ನೆ ನಡೀರಿ," ಅಂದಳು ಯೊವಾನಾ, ಅದೇ ತರಗತಿಯ ಹುಡುಗಿ.

"ಸುಮ್ಸುಮ್ನೆ ನಡಿಯೋಕೆ ನಾನೇನು ಮುನ್ಸಿಪಾಲ್ಟಿಯವಳಾ? ಎಲೆಕೋಸು ಹೆಚ್ಚಿ ಹುಳಿ ಬರೋಕೆ ಪೀಪಾಯಿಗೆ ತುಂಬಬೇಕು."

"ನೀವು ಗೇಮಲ್ಲಿ ಬರ್ತೀರಿ ಅಜ್ಜಿ."

"ಬಂದ್ರೆ ಏನ್ ಕೊಡ್ತಾರೆ?"

"ಏನೂ ಇಲ್ಲ."

"ಓ, ಪೆನ್ಷನ್ ಥರಾನೇ," ಅಂದಳು ಅಜ್ಜಿ. ನಡೆದಳು. ಸಾಕು ಅಂದರೂ ನಡೆದಳು. ಮೊಮ್ಮಗನ ಕೆಲಸ ಕೆಡಬಾರದಲ್ಲ.

ಎಲೆಕೋಸು ಹುಳಿ ಬರುವ ಮೊದಲೇ ಸತ್ತಳು. ಅವಳ ಮನೆಯ ಗೇಟಿಗೂ ದೋಣಿಕಲ್ಲಿನ ಪಕ್ಕದ ಮರಕ್ಕೂ ನಮ್ಮ ಕಡೆಯ ರೂಢಿಯಂತೆ ಫೋಟೋ ಹಾಕಿದ ಸಾವಿನ ಚೀಟಿ ಅಂಟಿಸಿದರು. ಫೋಟೋದಲ್ಲಿ ಯಾರನ್ನೋ ಬೈಯುವ ಹಾಗೆ ಇದ್ದಳು. ರಾಂಗೆಲ್ ಅತ್ತೆಯ ಮನೆ ಸೇರಿದ.

ಗೇಮಿನಲ್ಲಿ ಮುದುಕಿಯ ಭಾಗ ಬರೆದವನು ಅವನೇ. ತೆಗೆದುಬಿಡೋಣ ಅಂದಳು ಯೊವಾನಾ. ಅವನು ಬೇಡ ಅಂದ. ಸ್ಪಾಸ್ ಹಾಗೇ ಬಿಟ್ಟ.

ಸ್ಪಾಸ್‌ನ ತರಗತಿಯಲ್ಲಿ ಎರಡು ನಿಯಮ. ಒಂದು, ಗೇಮಿನಲ್ಲಿ ಯಾವುದನ್ನಾದರೂ ನಡೆಸುವ ಮೊದಲು ಅದು ಎಲ್ಲಿ ನಿಲ್ಲಬೇಕು ಅಂತ ಬರೆಯಬೇಕು. ಇನ್ನೊಂದು, ಒಬ್ಬರು ಬರೆದದ್ದನ್ನು ಅವರು ಪಕ್ಕದಲ್ಲಿ ಇಲ್ಲದಾಗ ಇನ್ನೊಬ್ಬರು ತಿದ್ದಬಾರದು. ಮೇಷ್ಟ್ರೂ ತಿದ್ದಬಾರದು.

ಆ ಸಂಜೆ ಮಕ್ಕಳು ಹೋದ ಮೇಲೆ ಅವನೊಬ್ಬನೇ ಕೂತು ಆಟವನ್ನು ಆಡಿ ನೋಡಿದ. ಮುದುಕಿ ಊರೆಲ್ಲ ಹಿಂದೆ ಬಂದಳು. ಸೇತುವೆ ದಾಟಿದರೂ ಬಂದಳು. ಊರು ಮುಗಿದರೂ ಬಂದಳು. ರಾಂಗೆಲ್ ಬರೆದದ್ದನ್ನು ತೆರೆದು ನೋಡಿದ. ಆಡುವವನು ನಡೆದರೆ ನಡೆ, ನಿಂತರೆ ನಿಲ್ಲು ಅಂತಿತ್ತು. ಅದು ಎಲ್ಲಿಗೆ ಮುಗಿಯಬೇಕು ಅನ್ನುವ ಸಾಲು ಇರಲಿಲ್ಲ. ನಾಳೆ ರಾಂಗೆಲ್‌ನನ್ನು ಕೂರಿಸಿಕೊಂಡು ಬರೆಸೋಣ ಅಂತ ಎಲ್ಲ ಆರಿಸಿ, ಬೀಗ ಹಾಕಿ ಹೊರಟ.

ದೋಣಿಕಲ್ಲಿನಿಂದ ಅವನ ಮನೆಯವರೆಗೂ ಆ ಸದ್ದು ಬಂತು. ಓಡಲಿಲ್ಲ. ಓಡಿದರೆ ಅದೂ ಓಡಬೇಕಲ್ಲ... ಆ ಕಾಲಲ್ಲಿ ಅದು ಹೇಗೆ ಓಡೀತು ಅಂತ ಯೋಚನೆ ಬಂತಂತೆ. ಆ ಯೋಚನೆಗೇ ಬೆವತ.

ನಾನು ಅವನ ಮನೆಯಲ್ಲೇ ಒಲೆಯ ಹತ್ತಿರ ಕೂತಿದ್ದೆ. ಅವನ ಹೆಂಡತಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಒಳಗೆ ಬಂದವನೇ ಚಿಲಕ ಹಾಕಿದ.

"ಅಣ್ಣ, ಗೇಟ್ ಹತ್ರ ಯಾರಾದ್ರೂ ಇದ್ದಾರಾ ನೋಡು."

"ಯಾಕೆ, ನಾಯಿ ಅಟ್ಟಿಸ್ಕೊಂಡು ಬಂತಾ?"

"ನಾಯಿ ಕೋಲೂರ್ಕೊಂಡು ಬರಲ್ಲ."

ಪರದೆ ಸರಿಸಿ ನೋಡಿದೆ. ಯಾರೂ ಇರಲಿಲ್ಲ. ಪ್ಲಮ್ ಸಾರಾಯಿ ಒಂದು ಲೋಟ ಕೊಟ್ಟೆ. ಕುಡಿದು, ಇದನ್ನೆಲ್ಲ ಹೇಳಿದ. ನಾನು ನಗುವುದರಲ್ಲಿದ್ದೆ.

ಬಾಗಿಲು ಬಡಿದ ಸದ್ದಾಯಿತು. ಮೆಲ್ಲಗೆ... ಬೆರಳ ಗೆಣ್ಣಿನಿಂದ.

ನಾನೇ ತೆಗೆದೆ. ರಾಂಗೆಲ್. ತೆಳ್ಳನೆಯ ಕೋಟು. ತುಟಿ ನೀಲಿ. ಕೆಮ್ಮನ್ನು ಬಾಯಲ್ಲೇ ಹಿಡಿದುಕೊಂಡು ಪಿಸುಗುಟ್ಟಿದ.

"ಸಾರ್... ಅಜ್ಜಿ ನಿಮ್ಮ ಜೊತೆ ಬಂದ್ಲಾ?"

ಸ್ಪಾಸ್ ಲೋಟ ಕೆಳಗಿಟ್ಟು ಎದ್ದು ಬಂದ.

"ನಾನು ಹೋದ್ಮೇಲೆ ನೀವು ಆಡಿದ್ರಾ?"

"ಆಡ್ದೆ."

"ಅದಕ್ಕೇ. ಕೊನೇಲಿ ಆಡಿದವ್ರ ಹಿಂದೆ ಬರ್ತಾಳೆ. ದಿನಾ ನಾನೇ ಕೊನೇಲಿ ಆಡ್ತಿದ್ದೆ. ಇವತ್ತು ಜ್ವರ ಅಂತ ಬೇಗ ಹೋದೆ." ತಡೆದ. "ನಾಳೆ ಮುಟ್ಬೇಡಿ ಸಾರ್. ನಂಗೆ ಬಿಟ್ಬಿಡಿ."

ಒಳಗೆ ಬಾ ಅಂದರೆ ಬರಲಿಲ್ಲ. ಹೋದ.

ಮಾರನೆಯ ದಿನ ಅವನ ಅತ್ತೆ ಶಾಲೆಗೆ ಬಂದಳು. ಹುಡುಗ ರಾತ್ರಿಯೆಲ್ಲ ಮನೆಯಲ್ಲಿ ಇರುವುದಿಲ್ಲ, ಬೆಳಗಿನ ಜಾವ ಬರುತ್ತಾನೆ, ಕಿಟಕಿಗೆ ಮೊಳೆ ಹೊಡೆದರೂ ಹೋಗುತ್ತಾನೆ ಅಂದಳು. ಎದೆಯಲ್ಲಿ ಕಫ ಕಟ್ಟಿದೆ, ಹಾಸಿಗೆ ಬಿಟ್ಟು ಏಳಕೂಡದು ಅಂತ ಡಾಕ್ಟರು ಹೇಳಿದ್ದರಂತೆ.

"ನಾನು ಬೈದೂ ನೋಡ್ದೆ, ಅತ್ತೂ ನೋಡ್ದೆ ಮೇಷ್ಟ್ರೇ," ಅಂದಳು. "ಇನ್ನೊಂದು ವಾರ ಹಿಂಗೇ ಆದ್ರೆ ಅವನ ಚೀಟೀನೂ ಗೇಟಿಗೆ ಅಂಟಿಸ್ಬೇಕಾಗುತ್ತೆ."

ಅಂದು ಸಂಜೆಯೂ ಹುಡುಗ ಕೊನೆಯಲ್ಲಿ ಆಡಿ, ಸ್ಪಾಸ್ ಮಾತಾಡಿಸುವ ಮೊದಲೇ ಹೋಗಿಬಿಟ್ಟಿದ್ದ. ಆ ರಾತ್ರಿ ನಾವಿಬ್ಬರೂ ಅಕ್ರೋಟು ಮರದ ಕೆಳಗೆ ಕಾದು ನಿಂತೆವು. ಚಳಿ ಮೂಳೆಗೆ ಇಳಿಯುತ್ತಿತ್ತು. ಸ್ಪಾಸ್ ಏನೋ ಹೇಳಲು ಬಾಯಿ ತೆರೆದ. ನಾನು ಕೈ ಎತ್ತಿದೆ.

ಬೀದಿಯ ಆ ತುದಿಯಲ್ಲಿ ಹುಡುಗ ಬರುತ್ತಿದ್ದ. ಬೂಟಿನ ಸದ್ದು, ತಪ್ ತಪ್. ಕೆಮ್ಮು. ಅದರ ಹಿಂದೆ...

ಟೊಕ್... ಸರ್ರ್...

ನನಗೆ ಕಿವಿ ಚೆನ್ನಾಗಿದೆ. ರೈಲಿನ ಗಾಲಿಯ ಸದ್ದು ಕೇಳಿಯೇ ಬಿರುಕು ಹೇಳುತ್ತಿದ್ದವನು ನಾನು. ಹುಡುಗನ ಹಿಂದೆ ಯಾರೂ ಇರಲಿಲ್ಲ. ಸದ್ದು ಇತ್ತು. ದೀಪದ ಕಂಬದ ಬೆಳಕಿನಲ್ಲಿ ಅವನು ದಾಟಿದ. ಆಮೇಲೆ ಸದ್ದು ದಾಟಿತು.

ದೋಣಿಕಲ್ಲಿನ ಮುಂದೆ ನಮ್ಮನ್ನು ಕಂಡು ನಿಂತ. ಅದೂ ನಿಂತಿತು. ಜುಳುಜುಳು ನೀರು.

"ದಾರಿ ಬಿಡಿ ಸಾರ್," ಅಂದ. ಪಿಸುಮಾತು.

"ಮನೆಗೆ ಹೋಗೋ."

"ಆಗಲ್ಲ. ಒಳಗೆ ಹೋದ್ರೆ ಅವಳು ಹೊಸ್ತಿಲಲ್ಲೇ ನಿಂತ್ಬಿಡ್ತಾಳೆ. ನಾನು ನಿಂತ್ರೂ ನಿಲ್ತಾಳೆ. ನಡೀತಿದ್ರೆ ಮಾತ್ರ... ಇದ್ದಾಳೆ ಅಂತ ಗೊತ್ತಾಗುತ್ತೆ."

"ನಿಲ್ಲೋ ಸಾಲು ಮರೆತಿದ್ದೀಯ ಅಂದ್ಕೊಂಡಿದ್ದೆ," ಅಂದ ಸ್ಪಾಸ್.

"ಮರೀಲಿಲ್ಲ."

"ನಾಳೆ ಅಜ್ಜಿ ಸತ್ತು ನಲವತ್ತನೇ ದಿನ ಕಣೋ. ಗೋಧಿ ಬೇಯಿಸಿ ಹಂಚಿ ಕಳಿಸ್ಬೇಕು. ಅವಳು ಹೋಗ್ಬೇಕು."

"ಗೊತ್ತು. ಆ ಸಾಲಿಲ್ದಿದ್ರೆ ಹೋಗಲ್ಲ."

ಕೆಮ್ಮು ಬಂತು. ಬಗ್ಗಿ ಕೆಮ್ಮಿದ. ಕರವಸ್ತ್ರದಲ್ಲಿ ಏನೋ ಕಂಡು ಮಡಚಿ ಜೇಬಿಗೆ ಹಾಕಿದ. ಸ್ಪಾಸ್ ಬೇಡಿಕೊಳ್ಳುವ ಹಾಗೆ ಏನೇನೋ ಅಂದ. ಶಾಲೆ, ಭವಿಷ್ಯ, ಆರೋಗ್ಯ. ಮೇಷ್ಟ್ರ ಮಾತು. ಹುಡುಗ ಅವನನ್ನು ಬಳಸಿಕೊಂಡು ಹೊರಟ.

ನಾನು ಒಂದೇ ಮಾತು ಕೇಳಿದೆ.

"ಲೋ, ನಿನ್ನಜ್ಜಿಗೆ ಮೊಣಕಾಲು ನೋವಿತ್ತಲ್ಲ. ಬದುಕಿದ್ದಾಗ ಹಿಂಗೇ ರಾತ್ರಿಯೆಲ್ಲ ನಡೆಸ್ತಿದ್ಯಾ?"

ನಿಂತ. ನನ್ನ ಕಡೆ ತಿರುಗಲಿಲ್ಲ. 

"ಸುಸ್ತಾಗಿರುತ್ತಾ ಅವಳಿಗೆ?" ಅಂತ ಕೇಳಿದ.

"ನೀನೇ ಕೇಳಿಸ್ಕೋ."

ಮೆಲ್ಲಗೆ ನಾಲ್ಕಾರು ಹೆಜ್ಜೆ ಇಟ್ಟ, ಕಿವಿ ಹಿಂದಕ್ಕೆ ಕೊಟ್ಟು.

ಟೊಕ್...

ಕಾದೆವು.

...ಸರ್ರ್...

ಕೋಲು ಊರಿದ್ದಕ್ಕೂ ಕಾಲು ಎಳೆದದ್ದಕ್ಕೂ ನಡುವೆ ಅಷ್ಟು ಹೊತ್ತು. ಗೇಮಿನಲ್ಲಿ ಹಾಗಿರಲಿಲ್ಲ ಅಂತ ಸ್ಪಾಸ್ ಆಮೇಲೆ ಹೇಳಿದ.

ಹುಡುಗ ಮುಖ ಒರೆಸಿಕೊಂಡ. "ಬೀಗದ ಕೈ ಇದ್ಯಾ ಸಾರ್?" ಅಂದ.

ಶಾಲೆಗೆ ಹೋದೆವು. ಮುಂದೆ ಅವನು, ನಡುವೆ ಅದು, ಹಿಂದೆ ನಾವು. ಅದನ್ನು ದಾಟಿ ಮುಂದೆ ಹೋಗಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಅಷ್ಟು ನಿಧಾನಕ್ಕೆ ನಾನು ಯಾವತ್ತೂ ನಡೆದವನಲ್ಲ.

ಕಂಪ್ಯೂಟರ್ ಹಾಕಿ ಹುಡುಗ ಕೂತ. ಸ್ಪಾಸ್ ಪಕ್ಕದಲ್ಲಿ ಕೂತ, ಕೀಲಿಮಣೆ ಮುಟ್ಟಲಿಲ್ಲ.

"ಹೋಗು ಅಂತ ಬರೆಯಲ್ಲ," ಅಂದ ಹುಡುಗ.

"ನಿನ್ನಿಷ್ಟ."

"ಕೂತ್ಕೋ ಅಂತ ಬರೀತೀನಿ. ಎಲ್ಲಿ ಕೂರ್ಸೋದು? ಅಜ್ಜಿ ಮನೇಗೆ ಅತ್ತೆ ಬೀಗ ಹಾಕಿದ್ದಾಳೆ. ಕತ್ತಲೆ ಅಲ್ಲಿ." ಪರದೆಯ ಮೇಲೆ ಊರನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. "ನಿಮ್ಮ ಗೇಟ್ ಮುಂದೆ ಬೆಂಚಿದೆ ಸಾರ್. ದೀಪಾನೂ ಇದೆ. ಅಲ್ಲಿ ಕೂರಿಸ್ಲಾ?"

ಸ್ಪಾಸ್ ನನ್ನನ್ನು ನೋಡಿದ.

"ನನ್ನನ್ಯಾಕೆ ನೋಡ್ತೀಯ," ಅಂದೆ. "ನಿನ್ನ ಬೆಂಚು."

"ಕೂರಿಸು," ಅಂದ ಸ್ಪಾಸ್.

ಹುಡುಗ ಬರೆದ. ಒಂದೇ ಸಾಲು. ಬರೆಯಲು ಹೊತ್ತಾಯಿತು. ಆಮೇಲೆ ಆಡಿದ. ಪರದೆಯ ಮೇಲೆ ಅವನು ಬೀದಿ ದಾಟಿದ, ಸೇತುವೆ ದಾಟಿದ, ಮುದುಕಿ ಹಿಂದೆ ಹಿಂದೆ ಬಂದಳು. ಸ್ಪಾಸ್‌ನ ಗೇಟು ಬಂತು. ಹುಡುಗ ಮುಂದೆ ನಡೆದ. ಮುದುಕಿ ಬರಲಿಲ್ಲ. ಬೆಂಚಿನ ಎಡತುದಿಯಲ್ಲಿ ಕೂತಳು. ಸದ್ದು ನಿಂತಿತು. ಅವನು ಅಲ್ಲಿಂದ ಬೀದಿಯ ಕೊನೆಯವರೆಗೂ ನಡೆದ. ಒಂದೇ ಜೊತೆ ಬೂಟಿನ ಸದ್ದು.

ಮೇಜಿನ ಮೇಲೆ ತಲೆಯಿಟ್ಟ. ಅತ್ತನೇನೋ ಅಂತ ನೋಡಿದರೆ ನಿದ್ದೆ ಬಂದಿತ್ತು.

ನಾವಿಬ್ಬರೂ ಸೇರಿ ಅವನನ್ನು ಎತ್ತಿಕೊಂಡು ಅತ್ತೆಯ ಮನೆಗೆ ಹೋದೆವು. ದೋಣಿಕಲ್ಲಿನ ಹತ್ತಿರ ಇಬ್ಬರೂ ಮಾತಾಡಿಕೊಳ್ಳದೆಯೇ ನಿಂತೆವು, ಕೇಳಿದೆವು. ನೀರು ಬಿಟ್ಟು ಬೇರೆ ಸದ್ದಿರಲಿಲ್ಲ.

ಸ್ಪಾಸ್‌ನ ಗೇಟಿಗೆ ಬಂದಾಗ ಹಿಮ ಬೀಳಲು ಶುರುವಾಗಿತ್ತು. ಬೆಂಚಿನ ಕಡೆ ಅವನು ನೋಡಲಿಲ್ಲ. ನಾನೂ ನೋಡಲಿಲ್ಲ. ಆದರೂ ಒಳಗೆ ಹೋಗುವಾಗ ಅವನು ಟೋಪಿ ತೆಗೆದ.

ರಾಂಗೆಲ್ ಕ್ರಿಸ್ಮಸ್‌ವರೆಗೂ ಮಲಗಿದ್ದ. ಎದ್ದ. ಈಗ ಅವನಿಗೆ ಮೀಸೆ ಬಂದಿದೆ. ರಾತ್ರಿ ಮನೆಯಲ್ಲೇ ಇರುತ್ತಾನೆ. ಆ ಸದ್ದನ್ನು ಊರಲ್ಲಿ ಮತ್ತೆ ಯಾರೂ ಕೇಳಿಲ್ಲ.

ಅದಾದ ಮೇಲೆ ಹಿಮ ಬಿದ್ದ ಪ್ರತಿ ಬೆಳಗ್ಗೆ ನಾನು ಸ್ಪಾಸ್‌ನ ಬೆಂಚು ನೋಡಿದ್ದೇನೆ. ಹಲಗೆಯ ಮೇಲೆ ಗೇಣೆತ್ತರ ಹಿಮ ಕೂತಿರುತ್ತದೆ. ಎಡತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ಯಾರೋ ಒರೆಸಿರಬೇಕು ಅನ್ನುವವರಿದ್ದಾರೆ. ಒರೆಸಿದರೆ ಒದ್ದೆ ಇರಬೇಕು. ನಾನು ಕೈಗವಸು ತೆಗೆದು ಮುಟ್ಟಿದ್ದೇನೆ.

ಹಲಗೆ ಒಣಗಿತ್ತು.