ಕೊಂಡಿ ಹಾಕಿಸದ ಕರಡಿಗೆ

ಹೆಸರು: ಜಗದಾಂಬಾ, ಗಂಡನ ಹೆಸರು: ರೇವಣಸಿದ್ದಯ್ಯ, ವಯಸ್ಸು: 62 ವರ್ಷ, ಕೆಲಸ: ಮನೆಯಲ್ಲೇ ಸೀರೆಗೆ ಫಾಲ್ಸ್ ಹೊಲಿಯುವುದು, ವಾಸ: ಆರ್‌ಪಿಸಿ ಲೇಔಟ್, ವಿಜಯನಗರ, ಬೆಂಗಳೂರು.

ದಿನಾಂಕ 20-02-2025ರಂದು ಮಧ್ಯಾಹ್ನ 12.30ಕ್ಕೆ ಠಾಣೆಗೆ ಹಾಜರಾಗಿ, ಕೇಳಿದ್ದಕ್ಕೆ ಹೇಳಿ ಬರೆಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ಯಜಮಾನರೊಂದಿಗೆ ವಾಸವಾಗಿರುತ್ತೇನೆ. ಅವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 70. ಚಿಕ್ಕಂದಿನಲ್ಲಿ ಅವರ ತಂದೆಯವರು ಹರಿಹರದಲ್ಲಿ ದೀಕ್ಷೆ ಕೊಡಿಸಿ ಕಟ್ಟಿಸಿದ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರದಿಂದ ಕೊರಳಿಗೆ ಧರಿಸಿರುತ್ತಾರೆ. ದಿನಾ ಎರಡು ಹೊತ್ತು ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ಊಟ ಮಾಡುವವರಲ್ಲ. ಉಳಿದ ಎಲ್ಲ ಕೆಲಸವನ್ನೂ ನಾಳೆಗೆ ಹಾಕುವ ಮನುಷ್ಯ, ಇದೊಂದನ್ನು ಮಾತ್ರ ಈವರೆಗೆ ತಪ್ಪಿಸಿರುವುದಿಲ್ಲ.

ಕಳೆದ ದೀಪಾವಳಿಯಲ್ಲಿ ಕರಡಿಗೆಯ ಕೊಂಡಿ ಸವೆದು ಬಿಟ್ಟುಹೋಯಿತು. ಅಕ್ಕಸಾಲಿ ಸುಬ್ರಮಣಿಯವರ ಅಂಗಡಿ ನಮ್ಮ ಮನೆಯಿಂದ ಸುಮಾರು 200 ಮೀಟರ್ ದೂರದಲ್ಲಿರುತ್ತದೆ. ನಾಳೆ ಹಾಕಿಸ್ತೀನಿ ಬಿಡು ಎಂದು ಯಜಮಾನರು ಹೇಳಿದರು. ಆ ನಾಳೆಯ ತನಕ ಇರಲಿ ಎಂದು ನಾನು ಫಾಲ್ಸಿನ ಹಸಿರು ನೂಲನ್ನು ನಾಲ್ಕು ಎಳೆ ಮಾಡಿ, ಕರಡಿಗೆಯನ್ನು ಶಿವದಾರಕ್ಕೆ ಬಿಗಿದೆನು. ಸಂಕ್ರಾಂತಿಯಲ್ಲಿ ಕೇಳಿದಾಗ ಶಿವರಾತ್ರಿಯೊಳಗೆ ಮಾಡಿಸುವುದಾಗಿ ಹೇಳಿದರು. ಯಾವ ವರ್ಷದ ಶಿವರಾತ್ರಿ ಎಂದು ಹೇಳಿರುವುದಿಲ್ಲ. ಹಣೆಗೆ ವಿಭೂತಿ ಬದಲು ‘ನಾಳೆ ಬಾ’ ಅಂತ ಬರ್ಕೊಳ್ಳಿ, ಯಮನೂ ವಾಪಸ್ ಹೋಗ್ತಾನೆ ಎಂದು ನಾನು ಬೈದದ್ದು ನಿಜ. ಹಂಗಾದ್ರೆ ಒಳ್ಳೇದೇ ಆಯ್ತಲ್ಲೇ, ಇನ್ನೊಂದಷ್ಟು ದಿನ ನಿನ್ ಕೈಲಿ ಬೈಸ್ಕೋಬೋದು ಎಂದು ಅವರು ನಕ್ಕರು.

ನಮ್ಮ ಮನೆಯಲ್ಲಿ ಬಚ್ಚಲ ನಲ್ಲಿಗೆ ಬಟ್ಟೆ ಸುತ್ತಿದೆ, ಗೇಟಿಗೆ ತಂತಿ ಬಿಗಿದಿದೆ, ಅವರ ಕನ್ನಡಕಕ್ಕೆ ದಾರ ಕಟ್ಟಿದೆ. ಎಲ್ಲವೂ ಒಂದು ದಿನದ ಮಟ್ಟಿಗೆ ಎಂದು ನಾನೇ ಕಟ್ಟಿದ್ದು. ನಲವತ್ತು ವರ್ಷದ ಸಂಸಾರ ಹೀಗೆ ಗಂಟುಗಳ ಮೇಲೆಯೇ ನಡೆದಿರುತ್ತದೆ.

ನಿನ್ನೆ ದಿನಾಂಕ 19-02-2025ರಂದು ಕೆಂಗೇರಿ ಉಪನಗರದಲ್ಲಿರುವ ನನ್ನ ತಂಗಿ ಕಲಾಳ ಮೊಮ್ಮಗುವಿನ ನಾಮಕರಣಕ್ಕೆ ಇಬ್ಬರೂ ಹೋಗಿದ್ದೆವು. ಊಟ ಮುಗಿಸಿ ಸಂಜೆ 4 ಗಂಟೆಗೆ ಆಟೋದಲ್ಲಿ ಮನೆಗೆ ಹೊರಟೆವು. ಹೋಳಿಗೆ ಊಟವಾದ್ದರಿಂದ ದಾರಿಯುದ್ದಕ್ಕೂ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿರುತ್ತಾರೆ. ಸಂಜೆ 6.30ಕ್ಕೆ ಕೈಕಾಲು ತೊಳೆದು ಪೂಜೆಗೆ ಕುಳಿತವರು ಕೊರಳಿಗೆ ಕೈ ಹಾಕಿ, ಜಗದಾ, ಲಿಂಗ ಇಲ್ಲ ಕಣೇ ಎಂದರು. ಶಿವದಾರದಲ್ಲಿ ನನ್ನ ಹಸಿರು ನೂಲಿನ ತುಂಡು ಮಾತ್ರ ನೇತಾಡುತ್ತಿತ್ತು. ಅಯ್ಯೋ ಶಿವನೇ, ಅವರ ಆ ಮುಖವನ್ನು ನಾನು ಅವರ ತಂದೆ ತೀರಿಕೊಂಡ ದಿನವೂ ನೋಡಿರಲಿಲ್ಲ.

ಮನೆ, ಬೀದಿ ಎಲ್ಲ ಹುಡುಕಿ ಸಿಗದ ಕಾರಣ 7.45ಕ್ಕೆ ಠಾಣೆಗೆ ಬಂದು ಹೆಡ್ ಕಾನ್‌ಸ್ಟೇಬಲ್ ಭರಮಪ್ಪನವರಿಗೆ ವಿಷಯ ತಿಳಿಸಿದೆವು. ಪಕ್ಕದ ಮನೆಯ ಚನ್ನವೀರೇಶ್‌ರವರು, ಮಠಕ್ಕೆ ಹೋಗಿ ಬೇರೆ ಲಿಂಗ ಕಟ್ಟಿಸ್ಕೊಳ್ಳಿ ಮೇಷ್ಟ್ರೇ, ಇದಕ್ಕೆಲ್ಲ ದಾರಿ ಇದೆ ಎಂದು ಸಮಾಧಾನ ಹೇಳಿದರು. ದಾರಿ ಇದೆ ಅಂತ ನಂಗೂ ಗೊತ್ತು, ಆದ್ರೆ ಅದು ಅಪ್ಪ ಕಟ್ಸಿದ್ದು ಎಂದು ಯಜಮಾನರು ಹೇಳಿದರು. ರಾತ್ರಿ ಊಟ ಮಾಡಲಿಲ್ಲ. ಈ ದಿನ ಬೆಳಿಗ್ಗೆ ನೀರನ್ನೂ ಮುಟ್ಟಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇರುತ್ತದೆ. ಹತ್ತು ಗಂಟೆಗೆಲ್ಲ ಗೋಡೆ ಹಿಡಿದು ನಡೆಯುತ್ತಿದ್ದರು. ನೀನಾದ್ರೂ ತಿನ್ನು ಎಂದರು. ನನಗೆ ಬಹಳ ಹೆದರಿಕೆಯಾಯಿತು.

11.40ಕ್ಕೆ ಭರಮಪ್ಪನವರು ಫೋನ್ ಮಾಡಿದ ಮೇರೆಗೆ ಇಬ್ಬರೂ ಠಾಣೆಗೆ ಬಂದೆವು. ಉಲ್ಲಾಳದ ಆಟೋ ಚಾಲಕ ಭೈರೇಶ್ ಎಂಬುವರು ಹಾಜರಿದ್ದರು. ಬೆಳಿಗ್ಗೆ ಆಟೋ ತೊಳೆಯುವಾಗ ಹಿಂದಿನ ಸೀಟಿನ ಸಂದಿಯಲ್ಲಿ ಸಿಕ್ಕಿದ್ದಾಗಿಯೂ, ದೇವ್ರ ವಿಷ್ಯ ಆಂಟಿ, ಮನೇಲಿ ಇಟ್ಕೊಳ್ಳೋಕಾಗುತ್ತಾ, ಅದಕ್ಕೇ ನಿಮ್ಮನ್ನ ಇಳಿಸಿದ ಏರಿಯಾದ ಸ್ಟೇಷನ್‌ಗೇ ತಂದೆ ಎಂದೂ ತಿಳಿಸಿದರು. ವಸ್ತು ನಿಮ್ಮದೇ ಎನ್ನಲು ಗುರುತೇನು ಎಂದು ಭರಮಪ್ಪನವರು ಕೇಳಲಾಗಿ, ನಾನು ಕರಡಿಗೆಗೆ ಅಂಟಿಕೊಂಡಿದ್ದ ಹಸಿರು ಗಂಟನ್ನೂ ಯಜಮಾನರ ಕೊರಳಲ್ಲಿದ್ದ ತುಂಡನ್ನೂ ಜೋಡಿಸಿ ತೋರಿಸಿದೆನು. ನಾಲ್ಕೂ ಎಳೆ ಕೂಡಿದವು. ಬೀದಿಯಲ್ಲಿ ಬಿದ್ದಿದ್ದರೂ ಆ ಗಂಟು ನನ್ನದೆಂದು ಹೇಳುತ್ತಿದ್ದೆ.

ಆಗ ಭರಮಪ್ಪನವರು, ಸಾಹೇಬ್ರು ಬಂದೋಬಸ್ತಿಗೆ ಹೋಗಿದಾರೆ, ಅವರ ಸಹಿ ಬೇಕು, ನಾಳೆ ಬನ್ರಮ್ಮ ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಸಾರ್, ಈ ನಾಳೆ ಅನ್ನೋದನ್ನ ಮದುವೆಯಾದಾಗಿಂದ ಕೇಳ್ತಿದೀನಿ, ನೀವೂ ಶುರು ಮಾಡ್ಬೇಡಿ, ಆ ಬೆಂಚಿನ ಮೇಲೆ ಕೂತಿರೋರು ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ ಎಂದೆನು. ಭರಮಪ್ಪನವರು ಬೆಂಚಿನ ಕಡೆ ನೋಡಿದರು. ಹೊರಗೆ ಹೋಗಿ ಸಾಹೇಬರಿಗೆ ಫೋನ್ ಮಾಡಿ ಬಂದು, ಹೇಳಿಕೆ ಬರೆಸಿ ತಗೊಂಡ್ಹೋಗಿ ಅಂದ್ರು ಎಂದು ತಿಳಿಸಿದರು. ಈ ಮಾತೆಲ್ಲ ಬೇಡ ಎಂದು ಅವರು ಹೇಳಿದರೂ ನಾನೇ ಬರೆಸಿರುತ್ತೇನೆ.

ಕರಡಿಗೆಯನ್ನು ತೆರೆದು ನೋಡಲಾಗಿ ಲಿಂಗ ಸುಸ್ಥಿತಿಯಲ್ಲಿದೆ. ಯಜಮಾನರು ಅದನ್ನು ಕಣ್ಣಿಗೊತ್ತಿಕೊಂಡು ಎಲ್ಲರೆದುರಿಗೇ ಅತ್ತಿರುತ್ತಾರೆ. ನಂತರ ಎದ್ದು ನಿಂತು, ಹಿಂಗೇ ಸುಬ್ರಮಣಿ ಅಂಗಡಿಗೆ ನಡಿ, ಇವತ್ತೇ, ಈಗ್ಲೇ ಕೊಂಡಿ ಹಾಕಿಸಿಬಿಡ್ತೀನಿ ಎಂದರು. ನಾನು ಪರ್ಸಿನಲ್ಲಿದ್ದ ಹಸಿರು ನೂಲಿನಿಂದ ಕರಡಿಗೆಯನ್ನು ಮತ್ತೆ ಶಿವದಾರಕ್ಕೆ ಕಟ್ಟಿ, ಈ ಸಲ ಮೂರು ಗಂಟು ಹಾಕಿದೆನು. ಅಂಗಡಿ ಎಲ್ಲಿಗೂ ಓಡಿಹೋಗಲ್ಲ, ಮೊದ್ಲು ಮನೆಗೆ ಬಂದು ಪೂಜೆ ಮಾಡಿ ಎರಡು ತುತ್ತು ತಿನ್ನಿ, ಕೊಂಡಿ ನಾಳೆ ಹಾಕಿಸಿದ್ರಾಯ್ತು ಕಣ್ರೀ ಎಂದು ನಾನೇ ಹೇಳಿರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದೆನು, ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ. ವಸ್ತು ನನ್ನ ಕೈ ಸೇರಿದೆ. ಯಾರ ಮೇಲೂ ದೂರಿಲ್ಲ, ಯಜಮಾನರ ಮೇಲೂ ಇಲ್ಲ.

ಸ್ಥಳ: ಬೆಂಗಳೂರು
ದಿನಾಂಕ: 20-02-2025
ಸಹಿ: ಜಗದಾಂಬಾ