ವಾಲ್ಯೂಮ್ ಎರಡಕ್ಕೆ ಇಳಿಸಿದ ರಾಕ್ ಬ್ಯಾಂಡ್

ಎರಡು ಸಾವಿರದ ಹದಿನಾರನೇ ಇಸವಿ, ಡಿಸೆಂಬರ್ ಹದಿನೇಳು, ಶನಿವಾರ, ಸಂಜೆ ಆರು ಗಂಟೆ ನಲವತ್ತು ನಿಮಿಷ. ಒಂದೂರಿನ ಕಲ್ಯಾಣಮಂಟಪದಲ್ಲಿ ಆರತಕ್ಷತೆ. ವೇದಿಕೆಯ ಪಕ್ಕದಲ್ಲಿ ಒಂದು ರಾಕ್ ಬ್ಯಾಂಡ್. ನಾಲ್ಕೇ ಜನ: ಹಾಡುವವನು, ಗಿಟಾರಿನವನು, ಡ್ರಮ್ಮಿನವನು, ಮತ್ತೆ ನಮ್ಮ ಬೇಸಿನವನು. ಬೇಸ್ ಅಂದರೆ ನೋಡಿ, ದಪ್ಪ ತಂತಿಯ ಗಿಟಾರು. ಗುಂಯ್ ಗುಂಯ್ ಅಂತ ಹಾಡಿನ ತಳದಲ್ಲಿ ನಡೆಯುವ ನಾದ.

ಆರು ವರ್ಷದಿಂದ ಈ ಬ್ಯಾಂಡಿಗೆ ಒಂದೇ ಕಾಯಿಲೆ. ಹಾಡು ಶುರುವಾದ ಕೂಡಲೇ ಗಿಟಾರಿನವನಿಗೆ ತನ್ನ ಗಿಟಾರು ಕೇಳಿಸುತ್ತಿರಲಿಲ್ಲ. ವಾಲ್ಯೂಮ್ ಐದಕ್ಕೆ ಏರಿಸುತ್ತಿದ್ದ. ಆಗ ಹಾಡುವವನಿಗೆ ತನ್ನ ಹಾಡು ಕೇಳಿಸುತ್ತಿರಲಿಲ್ಲ. ಅವನು ಏಳಕ್ಕೆ ಏರಿಸುತ್ತಿದ್ದ. ಡ್ರಮ್ಮಿಗೆ ವಾಲ್ಯೂಮ್ ಇಲ್ಲವಲ್ಲ, ಅವನು ತೋಳೇರಿಸುತ್ತಿದ್ದ. ಮೂರನೇ ಹಾಡಿನ ಹೊತ್ತಿಗೆ ಎಲ್ಲರದೂ ಹತ್ತಕ್ಕೆ ಹತ್ತು, ಪರೀಕ್ಷೆಯಲ್ಲಿ ಒಬ್ಬರಿಗೂ ಬಾರದಿದ್ದ ಅಂಕ! ಕೂತವರಿಗೆ ಏನು ಕೇಳಿಸುತ್ತಿತ್ತು? ಗದ್ದಲ. ಬರೀ ಗದ್ದಲ.

ಆವತ್ತಿನ ಮದುಮಗಳು ಬೇಸಿನವನ ಹೆಂಡತಿಗೆ ಚಿಕ್ಕಮ್ಮನ ಮಗಳು. ಬೆಳಿಗ್ಗೆ ಕಾಫಿ ಕೊಡುತ್ತಾ ಹೆಂಡತಿ ಕೇಳಿದ್ದಳು: "ರೀ, ಆರು ವರ್ಷದಿಂದ ಮುಂದಿನ ಸಾಲಲ್ಲೇ ಕೂತು ಕೇಳ್ತಿದೀನಿ. ನೀವು ನಿಜವಾಗ್ಲೂ ನುಡಿಸ್ತೀರೋ, ಇಲ್ಲಾ ಸುಮ್ನೆ ಕೆರಕೊಂಡು ನಿಂತಿರ್ತೀರೋ?"

ಅವಳು ತಮಾಷೆಗೆ ಕೇಳಿದ್ದು. ಅವನಿಗೆ ಚುಚ್ಚಿತು. ಇವತ್ತೂ ಅವಳಿಗೆ ಕೇಳಿಸದಿದ್ದರೆ ಬೇಸ್ ಅಟ್ಟಕ್ಕೆ ಹಾಕುವುದೇ ಸೈ ಎಂದುಕೊಂಡು ಬಂದಿದ್ದ.

ಸರಿಯಾಗಿ ಆರು ನಲವತ್ತಕ್ಕೆ ಕರೆಂಟು ಹೋಯಿತು. ಜನರೇಟರಿನ ಯಜಮಾನ ಕೈ ಒರೆಸಿಕೊಂಡು ಬಂದ. "ನೋಡ್ರಪ್ಪಾ, ಇದು ಲೈಟು ಫ್ಯಾನಿಗೆ ಅಂತ ತಂದ ಮಿಷನ್ನು. ಯಾರೇ ಆಗ್ಲಿ ಎರಡರ ಮೇಲೆ ಏರಿಸಿದ್ರೆ ನಿಂತೋಗುತ್ತೆ. ಮದುಮಗಳ ಮುಖಾನೂ ಕತ್ತಲಾಗುತ್ತೆ. ಆಮೇಲೆ ಬೀಗರ ಹತ್ರ ನೀವೇ ಮಾತಾಡ್ಕೊಳ್ಳಿ."

ಬೀಗರ ಹೆದರಿಕೆಗೆ ಎಲ್ಲರೂ ಎರಡಕ್ಕೆ ಇಳಿಸಿದರು. ಡ್ರಮ್ಮಿನವನು ಕೋಲು ಕೆಳಗಿಟ್ಟು ಬೆರಳಲ್ಲಿ ತಟ್ಟಿದ. ಹಾಡಿನ ನಡುವೆ ಅವನ ಕಣ್ಣು ಅರಳಿತು. "ಲೋ, ಇದು ಅಮ್ಮನ ಮೇಲಿನ ಹಾಡಾ? ಆರು ವರ್ಷದಿಂದ ಜಗಳದ ಹಾಡು ಅಂದ್ಕೊಂಡು ಬಡೀತಿದ್ದೀನಲ್ಲೋ!"

ಅಕ್ಷತೆ ಹಾಕಲು ಸಾಲಲ್ಲಿ ನಿಂತಿದ್ದವರು ಸಾಲು ಬಿಟ್ಟು ಈ ಕಡೆ ತಿರುಗಿದರು. ಮುಂದಿನ ಸಾಲಲ್ಲಿ ಹೆಂಡತಿ ಒಂದು ಬೆರಳೆತ್ತಿ ತೋರಿಸಿ ಕಣ್ಣಲ್ಲೇ ಕೇಳಿದಳು: ಆ ಗುಂಯ್ ಅನ್ನೋದು, ಅದು ನೀವೇನಾ? ಬೇಸಿನವನು ಹೌದೆಂದು ತಲೆಯಾಡಿಸಿದ.

ಯಾರೋ ವಿಡಿಯೋ ಮಾಡಿ ಹರಿಯಬಿಟ್ಟರು. ಹನ್ನೊಂದು ತಿಂಗಳಲ್ಲಿ ಬ್ಯಾಂಡು ನಾಡಿಗೆಲ್ಲಾ ಪರಿಚಯವಾಯಿತು. ಟಿವಿಯವರು ಗೆಲುವಿನ ಗುಟ್ಟೇನು ಅಂತ ಕೇಳಿದರು. ಹಾಡುವವನು "ನನ್ನ ಧ್ವನಿ" ಅಂದ. ಗಿಟಾರಿನವನು "ನನ್ನ ಬೆರಳು" ಅಂದ. ಡ್ರಮ್ಮಿನವನು "ನನ್ನ ಕೂದಲು" ಅಂದ. ಜನರೇಟರಿನ ಯಜಮಾನನ ಹೆಸರು ಯಾರಾದರೂ ಹೇಳಿದರಾ? ಎಲ್ಲಿ ಹೇಳ್ತಾರೆ!

ಹೆಸರು ಬಂತು, ಮಹಡಿ ಎತ್ತರದ ಸ್ಪೀಕರೂ ಬಂತು. ಮತ್ತೆ ಐದು, ಮತ್ತೆ ಏಳು, ಮತ್ತೆ ಹತ್ತು. ದೊಡ್ಡ ಮೈದಾನದ ಕಾರ್ಯಕ್ರಮ ಮುಗಿಸಿ ಬಂದ ದಿನ ಹೆಂಡತಿ ಮೆಲ್ಲಗೆ ಅಂದಳು: "ಮತ್ತೆ ನಿಮ್ಮದು ಕೇಳಿಸಲಿಲ್ಲ ಕಣ್ರೀ."

ಮುಂದಿನ ಕಾರ್ಯಕ್ರಮದಲ್ಲಿ ಬೇಸಿನವನು ಏನು ಮಾಡಿದ ಗೊತ್ತಾ? ಜಗಳ ಮಾಡಲಿಲ್ಲ. ಹತ್ತಕ್ಕೂ ಏರಿಸಲಿಲ್ಲ. ಸಾವಿರಾರು ಜನರ ಮುಂದೆ, ಹಾಡಿನ ನಡುವೆ, ತನ್ನ ವಾಲ್ಯೂಮನ್ನು ಸೊನ್ನೆಗೆ ಇಳಿಸಿಬಿಟ್ಟ.

ಡ್ರಮ್ಮಿನವನ ಕಾಲಡಿಯ ಹಲಗೆ ನಡುಗುವುದು ನಿಂತಿತು. ತಾಳ ತಪ್ಪಿತು. ಹಾಡುವವನು ಶ್ರುತಿ ಹುಡುಕಾಡಿದ. ಯಾರೂ ಕೇಳಿಸಿಕೊಳ್ಳದಿದ್ದ ಆ ನಾದದ ಮೇಲೇ ಎಲ್ಲರೂ ನಿಂತಿದ್ದರು ನೋಡಿ! "ಎಲ್ಲಿ ಹೋದ ಇವನು?" ಅಂತ ಹುಡುಕಲು ಒಬ್ಬೊಬ್ಬರೇ ತಮ್ಮದನ್ನು ಇಳಿಸಿದರು. ಎಲ್ಲರೂ ಎರಡಕ್ಕೆ ಬಂದಾಗ ಇವನು ಸೊನ್ನೆಯಿಂದ ಎರಡಕ್ಕೆ ಬಂದ. ಆಗ ಹಾಡು ಹುಟ್ಟಿತು.

ನಗ್ತೀರಿ. ನಗಿ, ನಗಿ. ಬಂಧುಗಳೇ, ನಿಮ್ಮ ಮನೆಯಲ್ಲಿ ಯಾರ ವಾಲ್ಯೂಮು ಎಷ್ಟರಲ್ಲಿದೆ? ನನ್ನ ಮಾತು ಯಾರೂ ಕೇಳಲ್ಲ ಅಂತ ಕೂಗುವವರೇ, ನೀವು ಕೊನೆಯ ಸಲ ಯಾರ ಮಾತು ಕೇಳಿದ್ದು? ಕಳೆದ ಸೋಮವಾರ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಟಿವಿ, ಮಿಕ್ಸಿ, ಮೂರು ಫೋನು, ಎಲ್ಲದರ ಮೇಲೆ ಯಜಮಾನರ ಗಂಟಲು. ಈ ಕಥೆ ಹೇಳಿಕೊಂಡು ಊರೂರು ತಿರುಗುತ್ತೇನಲ್ಲ, ಸದ್ದು ಅಳೆಯುವ ಸಾಧನ ನನ್ನ ಚೀಲದಲ್ಲೇ ಇತ್ತು. ಅಳೆದೆ. ಎಂಬತ್ತನಾಲ್ಕು ಡೆಸಿಬಲ್, ಗಾಡಿಗಳು ತುಂಬಿದ ರಸ್ತೆಯಷ್ಟು ಸದ್ದು. ಯಜಮಾನರಿಗೆ ಈ ಕಥೆ ಹೇಳಿದೆ. ಅವರು ನಾಚಿ ಮಾತು ನಿಲ್ಲಿಸಿ, ಎದ್ದು ಹೋಗಿ ಟಿವಿ ಆರಿಸಿದರು. ಮಿಕ್ಸಿ ನಿಂತಿತು. ಫೋನುಗಳೂ ಸುಮ್ಮನಾದವು. ಆಗ ಮೂಲೆಯಲ್ಲಿ ಕೂತಿದ್ದ ಅಜ್ಜಿಯ ದನಿ ಕೇಳಿಸಿತು: ಮೂರು ದಿನದಿಂದ ಮಂಡಿ ನೋವು ಅಂತ ಹೇಳುತ್ತಲೇ ಇದ್ದರಂತೆ.

ಇವತ್ತು ಊಟಕ್ಕೆ ಕೂತಾಗ ಇನ್ನೊಬ್ಬರು ಇಳಿಸಲಿ ಅಂತ ಕಾಯಬೇಡಿ. ಮೊದಲು ನಿಮ್ಮದು ಇಳಿಸಿ. ಆವತ್ತು ಅಜ್ಜಿ ಮಾತಾಡುವಾಗ ಆ ಮನೆಯ ಸದ್ದನ್ನು ಮತ್ತೆ ಅಳೆದೆ. ನಲವತ್ತೊಂಬತ್ತು ಡೆಸಿಬಲ್.