ಕೋಟಿನ ಮೇಲಿನ ಹೆಸರು

ಇಲ್ಲ ಕಣಮ್ಮ, ಆಫೀಸಿನವರು ತಪ್ಪು ಮಾಡಿಲ್ಲ. ಆ ಕಾಗದ ನಂದೇ. ನಾಳೆ ನನ್ನ ಬೀಳ್ಕೊಡುಗೆ ಇದೆಯಲ್ಲ, ಅದರದ್ದು. ಅದರಲ್ಲಿರೋ ಹೆಸರೂ ನಂದೇ… ಯಾಕೆ, ನನ್ನ ಜೇಬು ನೋಡ್ತೀಯ? ಕೋಟಿನ ಮೇಲಿರೋ ಹೆಸರಾ? ಅದು ನಂದಲ್ಲ. ಬಾಯಿ ಮುಚ್ಚು, ನೊಣ ಹೋದೀತು. ಕೂತ್ಕೋ, ಆ ಬೆಡ್‌ಶೀಟಿನ ಗಂಟಿನ ಮೇಲೇ ಕೂತ್ಕೋ, ಒಗೆದಿರೋದೇ ಅದು. ಸೋಮವಾರದಿಂದ ಈ ಇಸ್ತ್ರಿ ಮೇಜು ನಿಂದು. ನನ್ನ ಜಾಗಕ್ಕೆ ಬರೋಳಿಗೆ ನನ್ನ ಹೆಸರಾದರೂ ಗೊತ್ತಿರಲಿ.

ಮೂವತ್ತೊಂದು ವರ್ಷದ ಕೆಳಗೆ ಸೇರಿದ ದಿನ, ಕೆಲಸ ಬಿಟ್ಟು ಹೋದೋಳ ಕೋಟು ಕೊಟ್ಟರು. ಜೇಬಿನ ಮೇಲೆ ಒಂದು ಪಟ್ಟಿ, ಅದರಲ್ಲಿ ಕೆಂಪು ದಾರದಲ್ಲಿ ಅವಳ ಹೆಸರು. ಈ ಆಸ್ಪತ್ರೆಲಿ ಪಟ್ಟಿ ಇಲ್ಲದ ಕೋಟು ಒಗೆಯೋಕೇ ತಗೊಳಲ್ಲ, ಇಲ್ಲಾಂದ್ರೆ ಯಾರದ್ದೋ ಯಾರಿಗೋ ಹೋಗುತ್ತೆ. ನಿನ್ನ ಪಟ್ಟಿ ವಾರದಲ್ಲಿ ಬರುತ್ತೆ, ಅಲ್ಲೀತನಕ ಇದನ್ನೇ ಹಾಕ್ಕೋ ಅಂದ್ರು ಆಗಿನ ಸೂಪರ್‌ವೈಸರ್. ಅಷ್ಟರಲ್ಲಿ ನರ್ಸುಗಳು, ಆಯಾಗಳು, ವ್ಯಾನಿನ ಡ್ರೈವರು, ಎಲ್ಲರೂ ಕೋಟು ಓದಿ ಕರೆಯೋಕೆ ಶುರು ಮಾಡಿದ್ರು. ನಾನೂ ಓ ಅಂದೆ. ಅಲ್ಲ, ಕಾದ ಇಸ್ತ್ರಿ ಪೆಟ್ಟಿಗೆ ಕೈಯಲ್ಲಿ ಹಿಡ್ಕೊಂಡು ಕರೆದೋರಿಗೆಲ್ಲ ಪುರಾಣ ಹೇಳ್ತಾ ನಿಲ್ಲೋಕಾಗುತ್ತಾ?

ಪಟ್ಟಿ ಬರ್ಲಿಲ್ವಾ ಅಂತೀಯ? ಬಂತು, ಆರು ತಿಂಗಳಿಗೆ. ಹೊಲಿಯೋಕೂ ಕೂತೆ. ಅವತ್ತೇ ಹೆರಿಗೆ ವಾರ್ಡಿಂದ ಇಪ್ಪತ್ತು ಗಂಟು ಬಂದು ಬಿತ್ತು. ನಾಳೆ ನೋಡಿದರಾಯ್ತು ಅಂತ ಗುಂಡಿ ಡಬ್ಬಿಲಿ ಹಾಕಿಟ್ಟೆ. ಇವತ್ತಿಗೂ ಅಲ್ಲೇ ಇದೆ. ಇಡೀ ಆಸ್ಪತ್ರೆಯೋರ ಹೆಸರು ಹೊಲಿದೋಳು ನಾನು, ದೊಡ್ಡ ಡಾಕ್ಟರದ್ದೂ ಸೇರಿ. ನಂದೊಂದು ಬಿಟ್ಟು… ಕೋಟು ನಾಲ್ಕು ಬದಲಾಯ್ತು. ಪ್ರತಿ ಸಲ ಅವಳ ಪಟ್ಟೀನೇ ಬಿಚ್ಚಿ ಹೊಸದಕ್ಕೆ ಹಾಕಿದೆ. ಆ ಹೆಸರನ್ನ ಹತ್ತು ಜನ ಕರೀತಿದ್ರು ಕಣಮ್ಮ. ನಂದನ್ನ ಹಾಕ್ಕೊಂಡಿದ್ರೆ ಮತ್ತೆ ಹೊಸಬಳಾಗ್ಬೇಕಿತ್ತು.

ಹಾಗಂತ ನನ್ನ ಹೆಸರೇನು ಹಾದೀಲಿ ಸಿಕ್ಕಿದ್ದಲ್ಲ. ನಾನು ಹುಟ್ಟೋವಾಗ ಅಮ್ಮ ಎರಡು ದಿನ ನೋವು ತಿಂದಳಂತೆ. ಒಬ್ಬ ನರ್ಸು ಪಾಳಿ ಮುಗಿದ್ರೂ ಮನೆಗೆ ಹೋಗದೆ ಅವಳ ಕೈ ಹಿಡ್ಕೊಂಡೇ ಕೂತಿದ್ದಳಂತೆ. ನಾನು ಹುಟ್ಟಿದ ಮೇಲೆ ಅಮ್ಮ ಆಡಿದ ಮೊದಲ ಮಾತು, ನಿನ್ನ ಹೆಸರೇನಮ್ಮ ಅಂತ. ಅದನ್ನೇ ನನಗಿಟ್ಟಳು. ತಾಳ್ಮೆ ಅಂತ ಅರ್ಥ. ನಕ್ಕೆಯಾ? ನಗು, ನಗು. ನಿನಗೂ ನಿನ್ನ ಹೆಸರಿಗೂ ಎಣ್ಣೆ ಸೀಗೇಕಾಯಿ ಅಂತ ಅಮ್ಮನೂ ನಗ್ತಿದ್ದಳು.

ಬೇಜಾರಾ? ಯಾಕೆ ಬೇಜಾರು? ಮನೇಲಿ ನನ್ನ ಹೆಸರು ಸವೆದೇ ಹೋಗಿದೆ. ನಮ್ಮ ಯಜಮಾನರು ದಿನಕ್ಕೆ ನೂರು ಸಲ ಕರೀತಾರೆ. ಟವೆಲ್ ಎಲ್ಲಿ, ಕನ್ನಡಕ ಎಲ್ಲಿ… ಕನ್ನಡಕ ಹಣೆ ಮೇಲೇ ಇರುತ್ತೆ, ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಾರೆ. ಈಗಲೂ… ಹೂಂ, ಈಗಲೂ.

ನಾಳೆದೊಂದೇ ಯೋಚನೆ. ದೊಡ್ಡ ಡಾಕ್ಟರು ಈ ಕಾಗದ ನೋಡಿ ಕರೀತಾರೆ. ಯಾರಪ್ಪ ಅದು ಅಂತ ಎಲ್ಲರೂ ಸುತ್ತ ನೋಡ್ತಾರೆ. ನಾನು ತಟ್ಟನೆ ಏಳ್ಬೇಕು. ಅವರ ಜೊತೆ ನಾನೂ ಸುತ್ತ ನೋಡ್ತಾ ಕೂತ್ರೆ ಮಾನ ಉಳಿಯುತ್ತಾ? ಏಳ್ತೀನಿ ಬಿಡು. ಮನೇಲಿ ಅಭ್ಯಾಸ ಇದೆಯಲ್ಲ.

ಒಂದ್ಸಲ ನೋಡೇ ಬಿಡೋಣ. ಆ ಮೆಷಿನ್ ಆಫ್ ಮಾಡು. ಹಾಂ. ಕಾಗದ ಹಿಡ್ಕೊಂಡು ಬಾಗಿಲ ಹತ್ರ ನಿಂತ್ಕೋ. ನಾನು ಆ ಕಡೆ ತಿರುಗಿ ಇಸ್ತ್ರಿ ಮಾಡ್ತಿರ್ತೀನಿ. ನನಗೆ ಸುಳಿವು ಕೊಡದೆ ಕರಿ, ಗಟ್ಟಿಯಾಗಿ.

ಮೊದಲು ಕಾಲರ್, ಆಮೇಲೆ ತೋಳು. ನೀನು ಮೊನ್ನೆ ಬೆನ್ನಿಂದ ಶುರು ಮಾಡಿದ್ದೆ, ಅದಕ್ಕೇ ಅಷ್ಟು ಸುಕ್ಕು. ಹೆಸರಿನ ಮೇಲೆ ಮಾತ್ರ ಕಾದ ಪೆಟ್ಟಿಗೆ ಇಡ್ಬೇಡ, ದಾರ ಬಣ್ಣ ಬಿಡುತ್ತೆ. ತಿರುವಿ ಹಾಕಿ ಒಳಗಿಂದ ಒತ್ತು… ನನ್ನ ಮಾತೇ ಜಾಸ್ತಿಯಾಯ್ತಾ? ಸರಿ, ಸುಮ್ಮನಾದೆ. ಕರಿ.

…

ಕರಿಯೇ, ನಾಚಿಕೆ ಏನು?

…

ಎಷ್ಟು ಹೊತ್ತು ಕಣಮ್ಮ, ಈ ಕೋಟು ಮುಗೀತು. ಬಾಯಲ್ಲಿ ಏನಿಟ್ಕೊಂಡಿದ್ದೀಯ… ಅಲ್ಲ, ಯಾಕೆ ಹಾಗೆ ನೋಡ್ತಾ ನಿಂತೆ? ಡ್ರೈವರು ಯಾಕೆ ಒಳಗೆ ಇಣುಕ್ತಿದ್ದಾನೆ? ಯಾರನ್ನ ಕೂಗ್ತಿದ್ದೀರ ಅಂತ ಕೇಳ್ತಾನೆ…

ಕರೆದೆಯಾ?

ಎಷ್ಟು ಸಲ?

ಬೆರಳು ತೋರಿಸ್ತೀಯ. ಮೂರು. ಕಿವಿಗೆ ಬಿದ್ರೂ ಯಾರನ್ನೋ ಅಂದ್ಕೊಂಡಿರ್ಬೇಕು.

ಕನ್ನಡಕ ಕಿಟಕಿ ಹತ್ರಾನೇ ಇದೆ ಕಣಮ್ಮ. ದಿನಾ ಒರೆಸಿ ಇಡ್ತೀನಿ. ಅದನ್ನ ಹುಡುಕೋರು ಹೋಗಿ ಒಂಬತ್ತು ವರ್ಷ ಆಯ್ತು.

ಬಾ ಇಲ್ಲಿ, ಹತ್ರ ಬಾ. ಅಳಬೇಡ, ನಾನೇ ಅಳ್ತಿಲ್ಲ. ಇನ್ನೊಂದು ಸಲ ಕರಿ. ಈ ಸಲ ನಿನ್ನ ಬಾಯೇ ನೋಡ್ತಾ ನಿಂತಿರ್ತೀನಿ.